ಸೂಲಗಿತ್ತಿ ಬಾಯಿ ಮುಚ್ಚಿಕೊಂಡ ವರ್ಷ

ಮೊಸಳೆ ಕೇಂದ್ರದಲ್ಲಿ ಅವನನ್ನು ಎಲ್ಲರೂ ಸೂಲಗಿತ್ತಿ ಅಂತಲೇ ಕರೆಯುತ್ತಿದ್ದರು. ಆರಡಿ ಎತ್ತರ, ಕೆನ್ನೆ ತುಂಬ ಹಬ್ಬಿದ ಮೀಸೆ, ಮೊಣಕಾಲಿನವರೆಗೆ ರಬ್ಬರ್ ಬೂಟು. ಇಂಥ ಆಸಾಮಿಗೆ ಆ ಹೆಸರು ಇಟ್ಟವರು ಯಾರೋ ತಿಳಿಯದು, ಆದರೆ ಅಳತೆ ತೆಗೆದು ಹೊಲಿದ ಹಾಗೆ ಇಟ್ಟಿದ್ದರು. ಅವನಿಗೂ ಅದರಿಂದ ಬೇಸರವಿರಲಿಲ್ಲ. ಬೇಸರವೆಲ್ಲಿ ಬಂತು, ಹಿಂದಿನಿಂದ ಯಾರಾದರೂ "ಏನ್ ಸೂಲಗಿತ್ತಿ!" ಅಂದರೆ ಮೀಸೆಯ ಎರಡೂ ತುದಿಗಳು ಮೇಲಕ್ಕೆ ಹೋಗುತ್ತಿದ್ದವು.

ಅವನ ಕೆಲಸವೇ ಹಾಗಿತ್ತು. ಹೆಣ್ಣು ಮೊಸಳೆ ಮರಳು ತೋಡಿ ಮೊಟ್ಟೆ ಇಟ್ಟ ಮಾರನೆಯ ಬೆಳಿಗ್ಗೆ ಉದ್ದನೆಯ ಬಿದಿರು ಗಳ ಹಿಡಿದು ಅವಳನ್ನು ನೀರಿಗೆ ಅಟ್ಟಬೇಕು. ಅವಳು ಭುಸುಗುಟ್ಟುತ್ತಾಳೆ, ಗಳ ಕಚ್ಚಿ ಸೀಳುತ್ತಾಳೆ. ಅಷ್ಟರಲ್ಲಿ ಗುಂಡಿ ಬಗೆದು ಮೊಟ್ಟೆ ಎತ್ತಬೇಕು. ಎತ್ತುವ ಮೊದಲು ಪ್ರತಿ ಮೊಟ್ಟೆಯ ನೆತ್ತಿಗೆ ಪೆನ್ಸಿಲಿನಲ್ಲಿ ಒಂದು ಗುರುತು ಹಾಕಬೇಕು, ಯಾಕೆಂದರೆ ಮೊಸಳೆ ಮೊಟ್ಟೆ ಕೋಳಿ ಮೊಟ್ಟೆಯಲ್ಲ. ಕೋಳಿ ದಿನವೂ ಹೊರಳಿಸಿ ಕಾವು ಕೊಡುತ್ತದೆ. ಇದನ್ನು ತಲೆಕೆಳಗು ಮಾಡಿದರೆ ಒಳಗಿನ ಜೀವ ಅಲ್ಲಿಗೇ ಮುಗಿಯಿತು. ಆಮೇಲೆ ಮೊಟ್ಟೆಕೋಣೆ. ಅಲ್ಲಿ ಮರಳು ತುಂಬಿದ ಪೆಟ್ಟಿಗೆಗಳು, ಗೋಡೆಗೆ ಥರ್ಮಾಮೀಟರು. ಮೊಸಳೆಯಲ್ಲಿ ಗಂಡೋ ಹೆಣ್ಣೋ ಎನ್ನುವುದನ್ನು ತೀರ್ಮಾನಿಸುವುದು ಅಪ್ಪನೂ ಅಲ್ಲ, ಅಮ್ಮನೂ ಅಲ್ಲ, ಆ ಮರಳಿನ ಬಿಸಿ. ಒಂದೆರಡು ಡಿಗ್ರಿ ಆಚೀಚೆಯಾದರೆ ಪೆಟ್ಟಿಗೆಗೆ ಪೆಟ್ಟಿಗೆಯೇ ಹೆಣ್ಣು. ಇದನ್ನು ತಿಳಿದ ದಿನ ಸೂಲಗಿತ್ತಿ ಮನೆಗೆ ಬಂದು, "ಗಂಡು ಬೇಕಾ ಹೆಣ್ಣು ಬೇಕಾ, ನನ್ನ ಕೇಳಿ, ಸ್ವಿಚ್ ತಿರುಗಿಸಿ ಕೊಡ್ತೀನಿ" ಅಂತ ಬೀದಿಗೆಲ್ಲ ಕೇಳುವಂತೆ ಹೇಳಿದ್ದ. ಹೆಂಡತಿ, "ಮೊದಲು ಸ್ನಾನಕ್ಕೆ ನೀರು ಕಾಯಿಸೋ ಸ್ವಿಚ್ ಸರಿ ಮಾಡಿ" ಅಂದಿದ್ದಳು.

ಆದರೆ ಅವನ ನಿಜವಾದ ವಿದ್ಯೆ ಗಂಟಲಲ್ಲಿತ್ತು. ಮೊಸಳೆ ಮರಿ ಮೊಟ್ಟೆಯ ಒಳಗಿಂದಲೇ ಕೂಗುತ್ತದೆ. ಹೊರಗೆ ಬರುವ ಹೊತ್ತು ಹತ್ತಿರವಾದಾಗ ಒಂದು "ಉಂಕ್" ಅನ್ನುತ್ತದೆ, ಪಕ್ಕದ್ದು "ಉಂಕ್" ಅನ್ನುತ್ತದೆ, ಆಮೇಲೆ ಇಡೀ ಗುಂಡಿಯೇ ಹರಟೆಗೆ ಕೂರುತ್ತದೆ. ಮೇಲಿನ ಮರಳು ಅಷ್ಟು ಹೊತ್ತಿಗೆ ಗಟ್ಟಿಯಾಗಿರುತ್ತದೆ. ತಾವಾಗಿ ಬಗೆದುಕೊಂಡು ಬರುವ ಶಕ್ತಿ ಆ ಗೇಣುದ್ದದ ಮರಿಗಳಿಗೆ ಇರುವುದಿಲ್ಲ. ಹೊರಗಿನಿಂದ ಯಾರಾದರೂ ಕೇಳಿಸಿಕೊಂಡು ತೆರೆಯಬೇಕು. ನದಿಯಲ್ಲಿ ಆ ಕೆಲಸ ತಾಯಿಯದು, ಕೇಂದ್ರದಲ್ಲಿ ಸೂಲಗಿತ್ತಿಯದು. ಅವನು ಪೆಟ್ಟಿಗೆಯ ಮೇಲೆ ಬಗ್ಗಿ, ಬಿಕ್ಕಳಿಕೆ ಬಂದ ಕಪ್ಪೆಯ ಹಾಗೆ "ಉಂಕ್... ಉಂಕ್" ಅನ್ನುತ್ತಿದ್ದ. ಮಾಗಿದ ಮೊಟ್ಟೆಗಳು ಉತ್ತರ ಕೊಡುತ್ತಿದ್ದವು. ಕೊಡದವನ್ನು ಹಾಗೇ ಬಿಡುತ್ತಿದ್ದ. ಇಷ್ಟು ವರ್ಷದಲ್ಲಿ ಅವನ ಗಂಟಲು ಒಮ್ಮೆಯೂ ತಪ್ಪು ಹೇಳಿರಲಿಲ್ಲ.

ವಿದ್ಯೆ ಇದ್ದವನಿಗೆ ಅದನ್ನು ಅದುಮಿಟ್ಟುಕೊಳ್ಳುವ ವಿದ್ಯೆಯೂ ಬೇಕು. ಅದು ಅವನಿಗೆ ಬಂದಿರಲಿಲ್ಲ. ಬಸ್ಸು ನಿಲ್ಲಿಸಲು ಉಂಕ್, ಅಂಗಡಿಯವನನ್ನು ಕರೆಯಲು ಉಂಕ್, ಮದುವೆ ಮನೆಯಲ್ಲಿ ಫೋಟೋಗೆ ನಿಂತಾಗಲೂ ಉಂಕ್. ಮನೆಯಲ್ಲಿ ಮಗಳಿಗೆ ಹೆಣ್ಣು ಮಗು ಹುಟ್ಟಿದ ಮೇಲಂತೂ ಕೇಳುವುದೇ ಬೇಡ. ಮಗಳು ಮಹಡಿಯ ಕೋಣೆಯಲ್ಲಿದ್ದಳು. ಅಳಿಯ ಬಸ್ಸು ಓಡಿಸುವವನು, ಮನೆಗಿಂತ ರಸ್ತೆಯಲ್ಲೇ ಹೆಚ್ಚು ಇರುತ್ತಿದ್ದ. ಮೇಲೆ ಮಗು ಕುಂಯ್ ಅಂದರೆ ಸಾಕು, ಕೆಳಗಿನಿಂದ ಇವನ ಕಾಲು ಮೆಟ್ಟಿಲ ಮೇಲೆ. ತಾಯಿ ಏಳುವಷ್ಟರಲ್ಲಿ ಮಗು ಅಜ್ಜನ ತೋಳಲ್ಲಿ.

"ಅಪ್ಪಾ, ಕೊಡಿಲ್ಲಿ. ಅದಕ್ಕೆ ಹಸಿವು."

"ಹಸಿವಲ್ಲ ಕಣಮ್ಮ, ಇದು ಸೆಕೆ. ನನಗೆ ಕೂಗಿನಲ್ಲೇ ಗೊತ್ತಾಗತ್ತೆ. ನಿನಗೆ ಇದು ಮೊದಲನೇದು, ನಾನು ಸಾವಿರಗಟ್ಟಲೆ ಮಾಡಿದವನು."

"ಅವು ಮೊಸಳೆ ಅಪ್ಪಾ!"

ಹೆಂಡತಿ ಕೆಳಗೆ ಹೊಲಿಗೆ ಯಂತ್ರದ ಮುಂದೆ ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತ ಕೂತಿರುತ್ತಿದ್ದಳು. ಬಾಯಲ್ಲಿ ಗುಂಡುಸೂಜಿ ಇದ್ದರೂ ಅವಳ ಮಾತಿಗೆ ಅಡ್ಡಿಯಿರಲಿಲ್ಲ. "ಅವರು ಹುಟ್ಟೋಕೆ ಮುಂಚೆ ಲೋಕದಲ್ಲಿ ಯಾವ ಪ್ರಾಣೀನೂ ಹೆತ್ತೇ ಇರಲಿಲ್ಲ, ಬಿಡಮ್ಮ" ಅನ್ನುತ್ತಿದ್ದಳು.

ಇಂಥವನ ಪಾಲಿಗೆ ಡಾಕ್ಟರಮ್ಮ ಬಂದರು. ಕೇಂದ್ರದ ಹೊಸ ಮುಖ್ಯಸ್ಥೆ, ಅವನ ಮಗಳಿಗಿಂತ ನಾಲ್ಕಾರು ವರ್ಷ ದೊಡ್ಡವರು, ಮಾತು ಕಡಿಮೆ. ಬಂದ ಮೊದಲ ವರ್ಷ ಸುಮ್ಮನೆ ನೋಡಿದರು. ಎರಡನೆಯ ವರ್ಷ, ದೊಡ್ಡಮ್ಮ ಮೊಟ್ಟೆ ಇಟ್ಟ ಮಾರನೆಯ ಬೆಳಿಗ್ಗೆ, ಗಳ ಹಿಡಿದು ಹೊರಟವನನ್ನು ತಡೆದರು. ದೊಡ್ಡಮ್ಮ ಎಂದರೆ ಕೇಂದ್ರದ ಹಳೆಯ ಹೆಣ್ಣು ಮೊಸಳೆ; ಹೊಳೆಯಿಂದ ಸಣ್ಣದಾಗಿ ಬಂದವಳು, ಪ್ರತಿ ವರ್ಷ ಮೊಟ್ಟೆ ಇಟ್ಟವಳು, ಒಂದು ವರ್ಷವೂ ಮರಿಯ ಮುಖ ನೋಡದವಳು.

"ಈ ಸಲ ಅವಳ ಗೂಡು ಮುಟ್ಟೋದು ಬೇಡ" ಅಂದರು ಡಾಕ್ಟರಮ್ಮ. "ಅವಳೇ ತೆರೀಲಿ, ಅವಳೇ ಸಾಕಲಿ."

"ಅವಳಾ?" ಸೂಲಗಿತ್ತಿಗೆ ನಗು ತಡೆಯಲಾಗಲಿಲ್ಲ. "ಅವಳಿಗೇನು ಗೊತ್ತು ಡಾಕ್ಟರಮ್ಮ? ಒಂದ್ಸಲಾನೂ ಮಾಡಿಲ್ಲ. ಮರಿ ಬಾಯಿಗೆ ಸಿಕ್ಕಿದ್ರೆ ತಿಂದೇ ಬಿಡ್ತಾಳೆ."

ಡಾಕ್ಟರಮ್ಮ ಅವನನ್ನು ಮರಿಗಳ ತೊಟ್ಟಿಯ ಹತ್ತಿರ ಕರೆದುಕೊಂಡು ಹೋದರು. ನೆರಳು ಬಿದ್ದದ್ದೇ ತಡ, ಹೋದ ವರ್ಷದ ಮರಿಗಳೆಲ್ಲ ಮೀನು ಬಂತೆಂದು ಉಂಕ್ ಉಂಕ್ ಅನ್ನುತ್ತ ಅವನ ಬೂಟಿನ ಕಡೆಗೆ ನುಗ್ಗಿದವು. ಸೂಲಗಿತ್ತಿಯ ಮುಖ ಅರಳಿತು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಹೆರಿಗೆ ಮಾಡಿಸಿದವನಿಗೆ ಮೊಸಳೆ ಮುದ್ದಾದರೆ ಆಶ್ಚರ್ಯವೇನು?

"ನೋಡಿದ್ರಾ? ಇದೇ ನೋಡಿ ಕಷ್ಟ" ಅಂದರು ಡಾಕ್ಟರಮ್ಮ. "ನಾವು ನದಿಗೆ ಬಿಟ್ಟವುಗಳಲ್ಲಿ ಉಳಿದಿರೋದು ಬೆರಳೆಣಿಕೆ. ಮನುಷ್ಯರ ನೆರಳು ಕಂಡ್ರೆ ಊಟ ಬಂತು ಅಂತ ಓಡಿಬರೋ ಮೊಸಳೆ ಹೊಳೇಲಿ ಎಷ್ಟು ದಿನ ಬದುಕತ್ತೆ? ಮೀನು ಹಿಡಿಯೋರ ದೋಣಿ ಹತ್ತಿರ ಹೋಗತ್ತೆ, ಬಲೆಗೆ ಸಿಗತ್ತೆ, ಇಲ್ಲ ದೊಣ್ಣೆಗೆ ಸಿಗತ್ತೆ. ಬಚ್ಚಿಟ್ಟುಕೊಳ್ಳೋದು ಯಾರನ್ನ ನೋಡಿ ಕಲೀಬೇಕು ಅವು? ನಿಮ್ಮನ್ನಾ?"

ಅವನ ಮೀಸೆ ಇಳಿಯಿತು. ಆ ಮಾತು ಅವನಿಗೆ ನಾಟಿತು, ನೋವೂ ಆಯಿತು. ತಾನು ಎತ್ತಿ ಆಡಿಸಿದ್ದೇ ಅವಕ್ಕೆ ಮುಳುವಾಯಿತೇ ಎಂಬ ಯೋಚನೆಯನ್ನು ಅವನು ಆ ತೊಟ್ಟಿಯ ಅಂಚಿನಲ್ಲಿ ನಿಂತು ಮೊದಲ ಸಲ ಮಾಡಿದ.

ಡಾಕ್ಟರಮ್ಮ ಇನ್ನೂ ಒಂದು ಹೇಳಿದರು. "ಗೂಡಿನ ಹತ್ತಿರ ನೀವು ಕೂಗಬಾರದು. ಮರಿ ಕೂಗ್ತಿದೆ ಅಂದ್ಕೊಂಡು ಅವಳು ಹೊತ್ತಿಗೆ ಮುಂಚೆ ಬಗೆದ್ರೆ ಮೊಟ್ಟೆ ಅಷ್ಟೂ ಹಾಳು. ಅವಳು ಬಗೆಯದೇ ಇದ್ರೂ ಹಾಳು, ಒಳಗೇ ಉಸಿರುಕಟ್ಟಿ ಸಾಯ್ತವೆ. ಎರಡರ ಮಧ್ಯೆ ಇದೆ ನಮ್ಮ ಪುಣ್ಯ. ನೀವು ಸುಮ್ಮನಿರಬೇಕು, ಅಷ್ಟೇ."

ಅಷ್ಟೇ ಅಂತೆ! ಮೀನಿಗೆ ಈಜಬೇಡ ಅಂದ ಹಾಗಾಯಿತು. ಅವನ ಬಾಯಿಯ ಮೇಲೆ ಡಾಕ್ಟರಮ್ಮನಿಗೂ ಪೂರ್ತಿ ನಂಬಿಕೆ ಇರಲಿಲ್ಲವೆಂದು ಕಾಣುತ್ತದೆ. ಮಾರನೆಯ ದಿನದಿಂದ ಅವನನ್ನು ಗೇಟಿನ ಟಿಕೆಟ್ ಕೌಂಟರಿಗೆ ಹಾಕಿದರು, ಮೊಸಳೆ ಹೊಂಡಗಳಿಂದ ಆದಷ್ಟೂ ದೂರ.

ಮನೆಯಲ್ಲಿ ಅವನು ಊಟ ಮುಗಿಯುವವರೆಗೂ ಗೊಣಗಿದ. "ಇಷ್ಟು ವರ್ಷ ನಾನು ಕೂಗದೆ ಒಂದು ಮರಿ ಹೊರಗೆ ಬಂದಿಲ್ಲ. ಈಗ ಅವಳು ತೆರೀತಾಳಂತೆ."

"ಮೊಸಳೆಗಳು ಯಾವಾಗಿನಿಂದ ಇದಾವೆ ಅಂತ ನೀವೇ ಹೇಳ್ತಿದ್ರಲ್ಲ, ಆ ಡೈನೋಸಾರೋ ಏನೋ" ಅಂದಳು ಹೆಂಡತಿ.

"ಅದಕ್ಕೂ ಹಳೇ ವಂಶ ಕಣೇ. ಡೈನೋಸಾರು ಬಂತು, ಹೋಯ್ತು. ಇವು ಹಾಗೇ ಇದಾವೆ. ಈಗ ಉಳಿದಿರೋರಲ್ಲಿ ಇವಕ್ಕೆ ಹತ್ತಿರದ ಸಂಬಂಧ ಅಂದ್ರೆ ಹಲ್ಲಿ ಅಲ್ಲ, ಹಕ್ಕಿ. ಕೋಟಿ ಕೋಟಿ ವರ್ಷ..."

"ಅಷ್ಟು ಕೋಟಿ ವರ್ಷ ಯಾರ್ ರೀ ಹೆರಿಗೆ ಮಾಡಿಸಿದ್ದು? ಆಗಿನ್ನೂ ನೀವು ಕೆಲಸಕ್ಕೆ ಸೇರಿರಲಿಲ್ಲವಲ್ಲ."

ಮಗಳು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ತನ್ನ ಕೋಳಿ ಕೂಗಿದರೇ ಬೆಳಗಾಗುವುದು ಎಂದುಕೊಂಡಿದ್ದ ಅಜ್ಜಿಯ ಕಥೆಯನ್ನು ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಕೌಂಟರಿನಲ್ಲಿ ಅವನ ದಿನಗಳು ಜರುಗಿದವು. ಒಂದು ಕಿಟಕಿ, ಒಂದು ಮರದ ಸ್ಟೂಲು, ತಲೆ ಮೇಲೆ ಕಿರುಗುಟ್ಟುವ ಫ್ಯಾನು. ಬಂದವರ ಪ್ರಶ್ನೆಗಳು ದಿನವೂ ಒಂದೇ. ಆ ಮೊಸಳೆ ಸತ್ತಿದೆಯಾ? ಇಲ್ಲಮ್ಮ, ಬಿಸಿಲು ಕಾಯಿಸ್ತಿದೆ. ಬಾಯಿ ಯಾಕೆ ತೆರೆದಿದೆ, ಸಿಟ್ಟಾ? ಸಿಟ್ಟಲ್ಲ ಸ್ವಾಮಿ, ಸೆಕೆ. ಅದಕ್ಕೆ ಬೆವರು ಬರಲ್ಲ. ಅಲಿಗೇಟರು ಅಂದ್ರೆ ಇದೇನಾ? ಅಲ್ಲ, ಅದು ದಾಯಾದಿ. ಅದರ ಮೂತಿ ಅಗಲ, ಬಾಯಿ ಮುಚ್ಚಿದ್ರೆ ಕೆಳಗಿನ ಹಲ್ಲು ಕಾಣಲ್ಲ. ನಮ್ಮದು ಬಾಯಿ ಮುಚ್ಚಿದ್ರೂ ಹಲ್ಲು ಕಿಸೀತಿರತ್ತೆ. ಮೊಸಳೆಯ ದವಡೆಗೆ ಕಚ್ಚುವ ಶಕ್ತಿ ಎಷ್ಟೋ, ಬಾಯಿ ತೆರೆಯುವ ಶಕ್ತಿ ಅಷ್ಟೇ ಕಡಿಮೆ, ಒಂದು ಗಟ್ಟಿ ರಬ್ಬರ್ ಪಟ್ಟಿ ಸುತ್ತಿದರೆ ಮುಗಿಯಿತು ಎಂದೂ ಹೇಳುತ್ತಿದ್ದ. ಹೇಳುವಾಗ, ಅಂಥ ಒಂದು ಪಟ್ಟಿ ತನಗೂ ಬೇಕಿತ್ತಲ್ಲ ಎಂದು ಅವನಿಗೇ ಅನಿಸುತ್ತಿತ್ತು.

ಕೌಂಟರಿನಲ್ಲಿ ಒಂದು ಮೈಕೂ ಇತ್ತು. "ಕಲ್ಲು ಎಸೆಯಬೇಡಿ, ಮಕ್ಕಳ ಕೈ ಬಿಡಬೇಡಿ" ಅಂತ ಆಗಾಗ ಹೇಳಬೇಕು. ಜನ ಹೆಚ್ಚು ಮುತ್ತುವುದು ದೊಡ್ಡಮ್ಮನ ಹೊಂಡಕ್ಕೆ, ಆದ್ದರಿಂದ ಆ ಮೈಕಿನ ಧ್ವನಿವರ್ಧಕವನ್ನು ಹಿಂದೆ ಯಾರೋ ಬುದ್ಧಿವಂತರು ಅಲ್ಲೇ ಕಂಬಕ್ಕೆ ಕಟ್ಟಿದ್ದರು. ಎಲ್ಲಿಂದ ಅವನನ್ನು ದೂರವಿಟ್ಟರೋ ಅಲ್ಲಿಗೇ ಅವನ ಗಂಟಲು ತಂತಿಯಲ್ಲಿ ಹೋಗಿ ತಲುಪುತ್ತಿತ್ತು. ಈ ವಿಷಯ ಡಾಕ್ಟರಮ್ಮನಿಗೆ ಹೊಳೆದಿರಲಿಲ್ಲ, ಅವನಿಗೂ ಹೊಳೆದಿರಲಿಲ್ಲ.

ಒಂದು ಮಧ್ಯಾಹ್ನ, ಅವನು ಮೈಕಿನಲ್ಲಿ ಕಲ್ಲಿನ ವಿಷಯ ಹೇಳಿ ಮುಗಿಸುತ್ತಿದ್ದಂತೆ ಕಿಟಕಿಯ ಮುಂದೆ ಒಬ್ಬ ತಾಯಿ ಬಂದಳು. ಕಂಕುಳಲ್ಲಿದ್ದ ಮಗು ತಾರಕಕ್ಕೇರಿಸಿ ಅಳುತ್ತಿತ್ತು. ಅಳುವ ಮಗುವನ್ನು ಕಂಡು ಸುಮ್ಮನಿರುವುದು ಅವನ ಜಾತಕದಲ್ಲೇ ಇಲ್ಲ. ಮುಂದೆ ಬಗ್ಗಿ, ಮೀಸೆ ಕುಣಿಸಿ, ಮನಸಾರೆ ಕೂಗಿದ: "ಉಂಕ್! ಉಂಕ್! ಉಂಕ್!"

ಮಗು ಅಳು ನಿಲ್ಲಿಸಿತು. ಹೊಂಡದ ಕಡೆಯಿಂದ, ಕಂಬದ ಮೇಲಿನಿಂದ, ಅವನದೇ ಕೂಗು ನಾಲ್ಕು ಪಟ್ಟು ದೊಡ್ಡದಾಗಿ ತಿರುಗಿ ಬಂತು. ಅವನು ಮೈಕಿನ ಗುಂಡಿ ನೋಡಿದ. ಅದರ ಕೆಂಪು ದೀಪ ಉರಿಯುತ್ತಿತ್ತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಟಿಕೆಟ್ಟು, ತಾಯಿ, ಮಗು ಎಲ್ಲವನ್ನೂ ಅಲ್ಲೇ ಬಿಟ್ಟು ಅವನು ಓಡಿದ. ಬೇಲಿಯ ಹತ್ತಿರ ತಲುಪುವಷ್ಟರಲ್ಲಿ ದೊಡ್ಡಮ್ಮ ನೀರಿನಿಂದ ಮೇಲೆ ಬಂದು ಗೂಡಿನ ಮೇಲೆ ನಿಂತಿದ್ದಳು. ಮುಂಗಾಲಿನಿಂದ ಮರಳು ಬಗೆಯುತ್ತಿದ್ದಳು.

"ಬೇಡ ಕಣೇ, ಬೇಡ! ನಾನು ಕೂಗಿದ್ದು!" ಅಂದ ಸೂಲಗಿತ್ತಿ, ತಂತಿ ಬೇಲಿ ಹಿಡಿದುಕೊಂಡು. ಅವಳಿಗೇನು ಅವನ ಭಾಷೆ ಬರುತ್ತದೆಯೇ? ಅವನಿಗೆ ಬರುವ ಅವಳ ಭಾಷೆಯಲ್ಲಿ ಬೇಡ ಅನ್ನುವ ಮಾತೇ ಇರಲಿಲ್ಲ.

ಡಾಕ್ಟರಮ್ಮ ಬಂದರು. ಏನಾಯಿತೆಂದು ಕೇಳಲಿಲ್ಲ, ಧ್ವನಿವರ್ಧಕ ಕೇಂದ್ರಕ್ಕೆಲ್ಲ ಹೇಳಿಯಾಗಿತ್ತು. ಅವನು ಗಳ ತರಲು ತಿರುಗಿದ. "ಅವಳನ್ನ ಓಡಿಸಿ ಮೊಟ್ಟೆ ತೆಗೀತೀನಿ ಡಾಕ್ಟರಮ್ಮ. ಪೆಟ್ಟಿಗೆಗೆ ಹಾಕಿದ್ರೆ ಇನ್ನೂ ಉಳೀತವೆ. ನನ್ನ ಬೈಯೋದು ಆಮೇಲೆ ಬೈಯಿರಿ."

"ತಡೀರಿ" ಅಂದರು ಅವರು. ಗೂಡಿನತ್ತ ಕೈ ತೋರಿಸಿದರು. "ಅಲ್ಲಿ ನೋಡಿ."

ದೊಡ್ಡಮ್ಮ ಬಗೆಯುವುದನ್ನು ನಿಲ್ಲಿಸಿದ್ದಳು. ಅರ್ಧ ತೋಡಿದ ಗುಂಡಿಗೆ ಕೆಳದವಡೆಯನ್ನು ಒತ್ತಿ, ಗಂಟಲು ಮರಳಿಗೆ ತಾಗಿಸಿ, ಅಲುಗಾಡದೆ ಮಲಗಿದಳು. ಹಾಗೆಯೇ ಇದ್ದಳು. ಸೂಲಗಿತ್ತಿಗೆ ಆ ಭಂಗಿ ಎಲ್ಲೋ ನೋಡಿದ ಹಾಗಿತ್ತು. ನೋಡಿದ್ದೇನು ಬಂತು, ಪೆಟ್ಟಿಗೆಯ ಮೇಲೆ ಬಗ್ಗಿ ಉತ್ತರಕ್ಕೆ ಕಾಯುವಾಗ ಅವನು ಕೂರುತ್ತಿದ್ದದ್ದೇ ಹಾಗೆ. ಅವಳು ಮೊಟ್ಟೆಗಳ ಉತ್ತರಕ್ಕೆ ಕಾಯುತ್ತಿದ್ದಳು. ಮೊಟ್ಟೆಗಳಿಗೆ ಇನ್ನೂ ಹೊತ್ತಾಗಿರಲಿಲ್ಲ, ಅವು ಸುಮ್ಮನಿದ್ದವು.

ಬಿಸಿಲು ಇಳಿದ ಮೇಲೆ ಅವಳು ಎದ್ದು, ತಿರುಗಿ, ಹಿಂಗಾಲಿನಿಂದ ಮರಳನ್ನು ಗುಂಡಿಗೆ ತಳ್ಳತೊಡಗಿದಳು. ಒಂದೊಂದು ಸಲವೂ ಸ್ವಲ್ಪ ಸ್ವಲ್ಪ. ಮುಚ್ಚಿ ಮುಗಿಸಿ ಅದರ ಮೇಲೆಯೇ ಹೊಟ್ಟೆಯಿಟ್ಟು ಮಲಗಿದಳು.

"ಯಾರು ಹೇಳಿಕೊಟ್ರು ಇವಳಿಗೆ?" ಅಂದ ಸೂಲಗಿತ್ತಿ ಮೆತ್ತಗೆ. ಅವನ ಹೆಂಡತಿ ಅಲ್ಲಿದ್ದಿದ್ದರೆ ಉತ್ತರ ಕೊಡುತ್ತಿದ್ದಳು.

ಅವತ್ತು ಸಂಜೆಯೇ ಅವನು ಕಂಬ ಹತ್ತಿ ಧ್ವನಿವರ್ಧಕದ ತಂತಿ ಕಿತ್ತು ಹಾಕಿದ. ಅಲ್ಲಿಂದ ಮುಂದೆ ಅವನ ಮೌನ ನೋಡಲು ಜನ ಟಿಕೆಟ್ ಕೊಂಡು ಬರಬಹುದಿತ್ತು. ಬಸ್ಸಿಗೆ ಕೈ ಅಡ್ಡ ಹಿಡಿಯುತ್ತಿದ್ದ. ಅಂಗಡಿಯವನಿಗೆ ಬೆರಳು ತೋರಿಸುತ್ತಿದ್ದ. ಮನೆಯಲ್ಲೂ ಮಾತು ಕಮ್ಮಿ. ತಾನು ಬಗೆಸಿದ ಗುಂಡಿಯಲ್ಲಿ ಎಷ್ಟು ಮೊಟ್ಟೆಗೆ ಬಿಸಿಲು ತಾಗಿತೋ, ಎಷ್ಟು ಒಡೆದವೋ ಎಂಬ ಚಿಂತೆ ಅವನನ್ನು ತಿನ್ನುತ್ತಿತ್ತು. ಹೆಂಡತಿಗೆ ಮೊದಲೆರಡು ದಿನ ಹಾಯೆನಿಸಿತು. ಮೂರನೆಯ ದಿನ ಯಂತ್ರ ನಿಲ್ಲಿಸಿ, "ರೀ, ಜ್ವರ ಗಿರ ಇದೆಯಾ?" ಅಂತ ಹಣೆ ಮುಟ್ಟಿ ನೋಡಿದಳು.

ಕೇಂದ್ರ ಮುಚ್ಚುವ ಹೊತ್ತಿನ ಒಂದು ಸಂಜೆ, ಕೌಂಟರಿನ ಕಿಟಕಿ ಎಳೆಯುತ್ತಿದ್ದವನ ಕಿವಿಗೆ ಅದು ಬಿತ್ತು. ದೂರದಿಂದ, ನೆಲದೊಳಗಿನಿಂದ ಬಂದ ಹಾಗೆ, ಸಣ್ಣಗೆ: ಉಂಕ್. ಇನ್ನೊಂದು ಉಂಕ್. ಆಮೇಲೆ ಪೂರ್ತಿ ಸಂತೆ. ಅವನ ಗಂಟಲು ತನ್ನಷ್ಟಕ್ಕೆ ತಾನೇ ಉತ್ತರ ಕೊಡಲು ಮೇಲೆದ್ದಿತು. ಹೆಗಲ ಮೇಲಿನ ಟವೆಲ್ಲನ್ನು ಬಾಯಿಗೆ ತುರುಕಿಕೊಂಡು ಅವನು ಬೇಲಿಯ ಹತ್ತಿರ ಹೋದ. ಡಾಕ್ಟರಮ್ಮ ಆಗಲೇ ಅಲ್ಲಿದ್ದರು. ಟವೆಲ್ ನೋಡಿದರು, ತುಟಿ ಕಚ್ಚಿ ನಗು ತಡೆದರು.

ದೊಡ್ಡಮ್ಮ ಬಗೆದಳು. ಈ ಸಲ ನಡುವೆ ನಿಲ್ಲಿಸಲಿಲ್ಲ, ಕಿವಿಗೊಡಲು ಮಲಗಲಿಲ್ಲ. ಗುಂಡಿಯೊಳಗೆ ಮೂತಿ ಹಾಕಿ, ಎತ್ತಿದಾಗ ಹಲ್ಲಿನ ಸಾಲಿನ ಮಧ್ಯೆ ಒಂದು ಸಣ್ಣ ಬಾಲ ಜೋಲುತ್ತಿತ್ತು. ಸೂಲಗಿತ್ತಿ ಕಣ್ಣು ಮುಚ್ಚಿಕೊಂಡ. ತಿಂದಳು, ಅಂದುಕೊಂಡ.

"ಕಣ್ಣು ಬಿಡ್ರೀ" ಅಂದರು ಡಾಕ್ಟರಮ್ಮ.

ಕಣ್ಣು ಬಿಟ್ಟಾಗ ದೊಡ್ಡಮ್ಮ ನೀರಿನಂಚಿನಲ್ಲಿ ಬಾಯಿ ತೆರೆದು ತಲೆಯನ್ನು ಮೆಲ್ಲಗೆ ಅಲುಗಿಸುತ್ತಿದ್ದಳು. ಬಾಯಿಂದ ಮರಿಗಳು ನೀರಿಗೆ ಜಾರಿ ಈಜಿದವು. ಅವಳು ತಿರುಗಿ ಬಂದಳು, ಇನ್ನಷ್ಟು ಒಯ್ದಳು. ಕೆಲವು ಮೊಟ್ಟೆ ಹಾಳಾಗಿದ್ದವು. ಅವುಗಳಲ್ಲಿ ತನ್ನ ಪಾಲೆಷ್ಟು ಎಂದು ಅವನು ಯಾರನ್ನೂ ಕೇಳಲಿಲ್ಲ. ಒಂದು ಮೊಟ್ಟೆ ಒಡೆಯದೆ ಉಳಿದಿತ್ತು, ಒಳಗಿಂದ ಕೂಗುತ್ತಿತ್ತು. ಅದನ್ನು ಅವಳು ಬಾಯಿಗೆ ತೆಗೆದುಕೊಂಡು, ನಾಲಗೆಗೂ ಅಂಗುಳಕ್ಕೂ ನಡುವೆ ಇಟ್ಟು ಹೊರಳಿಸಿ, ಮೆಲ್ಲಗೆ ಒತ್ತಿದಳು. ಬಿದಿರು ಗಳವನ್ನು ಕಬ್ಬಿನ ಹಾಗೆ ಸೀಳುವ ದವಡೆ ಅದು. ಚಿಪ್ಪು ಬಿರಿಯಿತು, ಮರಿಗೆ ಒಂದು ಗೀರೂ ಆಗಲಿಲ್ಲ. ಇಷ್ಟು ನಾಜೂಕಾಗಿ ತಾನೂ ಎಂದೂ ಮಾಡಿರಲಿಲ್ಲ ಎಂದು ಸೂಲಗಿತ್ತಿ ಒಪ್ಪಿಕೊಂಡ, ಟವೆಲ್ಲಿನೊಳಗೆ.

ಎಲ್ಲ ಮುಗಿಯಿತು ಎನ್ನುವಾಗ ಅವನ ಬೂಟಿನ ಹತ್ತಿರ "ಉಂಕ್" ಅಂತು. ಗಲಾಟೆಯಲ್ಲಿ ಒಂದು ಮರಿ ದಾರಿ ತಪ್ಪಿ, ನೀರು ಹೋಗುವ ಕಿಂಡಿಯಿಂದ ಬೇಲಿಯ ಈಚೆಗೆ ಬಂದುಬಿಟ್ಟಿತ್ತು. ಅವನು ಬಗ್ಗಿ ಎತ್ತಿಕೊಂಡ. ಅದು ಹಳದಿ ಹೊಟ್ಟೆ, ಕಪ್ಪು ಪಟ್ಟೆ, ಮೂಗಿನ ತುದಿಯಲ್ಲಿ ಚಿಪ್ಪು ಒಡೆದ ಮುಳ್ಳು ಇನ್ನೂ ಇದ್ದ ಮರಿ. ಹುಟ್ಟಿ ಗಂಟೆಯಾಗಿಲ್ಲ, ಆಗಲೇ ಅವನ ಬೆರಳು ಕಚ್ಚಿತು.

"ನಿಮ್ಮ ತೊಟ್ಟಿಗಳಲ್ಲಿ ಒಂದು ಖಾಲಿ ಇದೆ" ಅಂದರು ಡಾಕ್ಟರಮ್ಮ, ಅವನ ಮುಖ ನೋಡುತ್ತ. "ಒಂದು ತಾನೇ. ಬೇಕಾದ್ರೆ ಇಟ್ಕೊಳ್ಳಿ."

ಬೇಕಿತ್ತು. ಅಂಗೈಯಲ್ಲಿ ಅದರ ಎದೆ ಬಡಿದುಕೊಳ್ಳುತ್ತಿತ್ತು, ಅವನಿಗೆ ಬಹಳ ಬೇಕಿತ್ತು. ಅವನು ಬಾಯಿಂದ ಟವೆಲ್ ತೆಗೆದ.

"ಬೇಡ ಡಾಕ್ಟರಮ್ಮ. ಅದರಮ್ಮ ಅಲ್ಲಿದಾಳಲ್ಲ. ಒಂದೇ ಒಂದ್ಸಲ ಕೂಗಲಾ?"

"ಕೂಗಿ."

ಅವನು ಬೇಲಿಯ ಕಡೆಗೆ ಬಗ್ಗಿದ. ಮೆಲ್ಲಗೆ ಕೂಗಿದ: "ಉಂಕ್." ನೀರಿನಲ್ಲಿ ಮರಿಗಳನ್ನು ಬೆನ್ನ ಮೇಲೆ ಹತ್ತಿಸಿಕೊಂಡಿದ್ದ ದೊಡ್ಡಮ್ಮ ತಲೆ ತಿರುಗಿಸಿದಳು. ದಡ ಹತ್ತಿ, ನೇರ ಅವನ ಕಡೆಗೆ ಬಂದಳು. ಪ್ರತಿ ವರ್ಷ ಗಳ ಹಿಡಿದು ಅವಳನ್ನು ಗೂಡಿನಿಂದ ಅಟ್ಟಿದವನ ಕಡೆಗೆ. ಅವನು ಮಂಡಿಯೂರಿ, ಕಿಂಡಿಯಿಂದ ಕೈ ಚಾಚಿ, ಮರಿಯನ್ನು ಅವಳ ಮೂತಿಯ ಮುಂದೆ ಬಿಟ್ಟು ಕೈ ಎಳೆದುಕೊಂಡ. ಅವಳು ಬಾಯಿ ಓರೆ ಮಾಡಿ ಅದನ್ನು ಎತ್ತಿಕೊಂಡು ಹೋದಳು. ತಿರುಗಿ ನೋಡಲಿಲ್ಲ. ಯಾಕೆ ನೋಡಬೇಕು, ಅವಳ ಮರಿಯನ್ನು ಅವಳು ತೆಗೆದುಕೊಂಡು ಹೋದಳು.

ಸೂಲಗಿತ್ತಿ ಅಲ್ಲೇ ನೆಲದ ಮೇಲೆ ಕೂತು ಗೊಳೋ ಎಂದು ಅತ್ತ. ಸಂತೋಷವೂ ಇತ್ತು, ಹೊಟ್ಟೆಕಿಚ್ಚೂ ಇತ್ತು. ಇಷ್ಟು ವರ್ಷ ಅವಳನ್ನು ಅಟ್ಟಿದ ನೋವೂ ಇತ್ತು. ಡಾಕ್ಟರಮ್ಮ ಬೇರೆ ಕಡೆ ನೋಡುತ್ತ ನಿಂತರು.

ಮನೆಗೆ ಬಂದಾಗ ಮಗಳು ಮಹಡಿಯಲ್ಲಿ ಬಟ್ಟೆ ಮಡಿಸುತ್ತಿದ್ದಳು. ಮಗು ಕೆಳಗೆ, ಹೊಲಿಗೆ ಯಂತ್ರದ ಪಕ್ಕದ ತೊಟ್ಟಿಲಲ್ಲಿ ಮಲಗಿತ್ತು. ಅವನು ಕಥೆ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅದು ಎದ್ದು ರಾಗ ಶುರು ಮಾಡಿತು. ಅವನು ಎತ್ತಿಕೊಂಡ. ಹೆಂಡತಿ, ಈಗ ಉಂಕ್ ಅನ್ನುತ್ತಾನೆ, ಸೆಕೆ ಅನ್ನುತ್ತಾನೆ, ಸಾವಿರಗಟ್ಟಲೆ ಅನ್ನುತ್ತಾನೆ ಎಂದು ಕಾದಳು. ಅವನು ಮೆಟ್ಟಿಲ ಬುಡಕ್ಕೆ ಹೋಗಿ ನಿಂತು ಕತ್ತೆತ್ತಿದ.

"ಅಮ್ಮಾ, ಪಾಪು ಎದ್ದಿದೆ. ಬಾಮ್ಮ, ತಗೋ."

ಹೊಲಿಗೆ ಯಂತ್ರ ನಿಂತಿತು. ಮಗಳು ಅರ್ಧ ಮಡಿಸಿದ ಬಟ್ಟೆ ಕೈಯಲ್ಲಿ ಹಿಡಿದೇ ಇಳಿದು ಬಂದಳು. ಅಪ್ಪ ಚಾಚಿದ ಕೈಗಳನ್ನೂ, ಕೆಂಪಾದ ಕಣ್ಣುಗಳನ್ನೂ ನೋಡಿದಳು. ಮಗುವನ್ನು ತೆಗೆದುಕೊಂಡಳು, ಅದು ಎದೆಗೆ ಸಿಕ್ಕಿದ್ದೇ ಸುಮ್ಮನಾಯಿತು.

"ಇಷ್ಟು ದಿನಾನೂ ಹೀಗೆ ಒಂದು ಕೂಗು ಹಾಕಿದ್ರೆ ಬರ್ತಿದ್ದೆನಲ್ಲ ಅಪ್ಪಾ" ಅಂದಳು.